ಕುಕ್ಕುವವರ ನ್ಯಾಯ

ಕೆ.ಆರ್.ಪೇಟೆ ಸಂತೆಯಿಂದ ಅವ್ವ ಒಂದು ಎಳೆ ಹುಂಜ ತಂದಳು. ನಾಗಮಂಗಲದ ಕಡೆಯ ನಮ್ಮ ಕೇರಿಯ ಹಿತ್ತಿಲಲ್ಲಿ ಆಗಲೇ ಏಳು ಕೋಳಿ, ಒಂದು ಮುದಿ ಹುಂಜ ಇದ್ದವು. ನಾನು ಬಿ.ಎ. ಮುಗಿಸಿದವನ ಗತ್ತಿನಲ್ಲಿ ಕಾಲಿನ ದಾರ ಬಿಚ್ಚಿ ಒಳಕ್ಕೆ ಬಿಟ್ಟೆ. ಬಾಗಿಲು ತೆಗೆದರೆ ಸಮಾನತೆ ಬಂತು ಅಂತ ನಂಬಿದ್ದೆ. ಕ್ಷಣದಲ್ಲಿ ಅದರ ಜುಟ್ಟಿನಲ್ಲಿ ರಕ್ತ. ರಕ್ತ ಕಂಡದ್ದೇ ತಡ, ಸುಮ್ಮನಿದ್ದ ಕೋಳಿಗಳೂ ಬಂದು ಕುಕ್ಕಿದವು.

‘ಓದ್ದೋನಂತೆ! ಹೊಸುದ್ನ ಹಿಂಗಾ ಬುಡೋದು?’ ಅಂತ ಅವ್ವ ಬೈದು, ಗಾಯಕ್ಕೆ ಅರಿಶಿನ ಹಚ್ಚಿದಳು. ಸಂತೆ ಕೋಳಿ ಕೊಕ್ಕರೆ ರೋಗ ತಂದೀತೆಂದು ಮೂರು ವಾರ ದೂರದ ಕೊಟ್ಟಿಗೆಯಲ್ಲಿಟ್ಟಳು. ಆಮೇಲೆ ಒಂದು ವಾರ ಹಿತ್ತಿಲಲ್ಲೇ ಮಂಕರಿಯೊಳಗೆ. ಒಂದಕ್ಕೊಂದು ಮುಖ ಕಾಣಬೇಕು, ಕೊಕ್ಕು ತಾಗಬಾರದು. ಕೊನೆಗೊಂದು ರಾತ್ರಿ ಕತ್ತಲಲ್ಲಿ ಗೂಡಿನೊಳಗೆ ಕೂರಿಸಿದಳು. ಬೆಳಗ್ಗೆ ನುಚ್ಚನ್ನು ಒಂದೇ ಕಡೆ ಸುರಿಯದೆ ಮೂರು ಕಡೆ ಚೆಲ್ಲಿದಳು. ನೀರಿಗೆ ಎರಡು ಮಡಕೆ ಇಟ್ಟಳು.

ಇದನ್ನು ಕೇಳಿ ಊರಿನ ಯಜಮಾನರೊಬ್ಬರು ನಕ್ಕರು: ‘ನೋಡ್ದಾ, ಕೋಳೀಲೂ ಮೇಲು-ಕೀಳು ಅದೆ. ದೇವ್ರು ಮಾಡಿದ್ದು.’

ಇದೆ, ನಿಜ. ನಾರ್ವೆಯ ಷೆಲ್ಡೆರಪ್-ಎಬ್ಬೆ ಎಂಬಾತ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆಂದು ನೋಡಿ ನೋಡಿ ೧೯೨೧ರಲ್ಲಿ ಬರೆದ. ಆದರೆ ಯಜಮಾನರೇ, ಆ ಸರದಿಯನ್ನು ಯಾರೂ ಹಣೆಯಲ್ಲಿ ಬರೆಸಿಕೊಂಡು ಬಂದಿಲ್ಲ. ಮೇಲಿನ ಕೋಳಿಯ ಮರಿಯೂ ತನ್ನ ಜಾಗ ತಾನೇ ಗೆಲ್ಲಬೇಕು. ಕಾಯಿಲೆ ಬಿದ್ದರೆ ಮೇಲಿನದು ಕೆಳಗಿಳಿಯುತ್ತದೆ. ಯಾವ ಕೋಳಿಯೂ ಅಜ್ಜನ ಕುಲ ಕೇಳಿ ಕುಕ್ಕುವುದಿಲ್ಲ. ಕೆಳಗಿನದು ಕುಡಿಯಿತೆಂದು ಮಡಕೆ ಮೈಲಿಗೆ ಅನ್ನುವುದಿಲ್ಲ. ಅದಕ್ಕೆ ಮನುಷ್ಯನೇ ಬೇಕು, ಅವನ ಶಾಸ್ತ್ರ ಬೇಕು. ಅಲ್ಲದೆ, ಪ್ರಕೃತಿಯಲ್ಲಿದೆ ಅಂದಮಾತ್ರಕ್ಕೆ ನ್ಯಾಯವೇ? ಕೊಕ್ಕರೆ ರೋಗವೂ ಪ್ರಕೃತಿಯದೇ. ಅದಕ್ಕೆ ಲಸಿಕೆ ಹಾಕಿಸುತ್ತೇವಲ್ಲ!

‘ನೀವೂ ಆ ಹುಂಜದ ಹಾಗೆ ನಿಧಾನಕ್ಕೆ ಬನ್ನಿ’ ಎನ್ನುವವರೂ ಇದ್ದಾರೆ. ಹುಂಜ ಸಂತೆಯಿಂದ ಬಂದದ್ದು. ನಾವು ಹೊಸಬರೇ? ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಭತ್ತ ನಾಟಿ ಹಾಕಿದ, ನಾಗಮಂಗಲದ ಹೊಲಗಳಲ್ಲಿ ರಾಗಿ ಕೊಯ್ದ ಕೈ ಯಾರದು? ಸಂವಿಧಾನದ ೧೭ನೇ ವಿಧಿ ೧೯೫೦ರಲ್ಲೇ ಮಂಕರಿ ಎತ್ತಿದೆ. ಆದರೂ ೨೦೨೪ರ ನವೆಂಬರಿನಲ್ಲಿ, ಮಂಡ್ಯದ ಪಕ್ಕದ ಹನಕೆರೆಯಲ್ಲಿ ದಲಿತರು ಪೊಲೀಸ್ ಕಾವಲಿನಲ್ಲಿ ಕಾಲಭೈರವೇಶ್ವರನ ಗುಡಿಯೊಳಕ್ಕೆ ಹೋದಾಗ, ಸವರ್ಣೀಯರು ಉತ್ಸವಮೂರ್ತಿಯನ್ನೇ ಹೊರಗೆ ಹೊತ್ತೊಯ್ದರು. ಇನ್ನೆಷ್ಟು ನಿಧಾನ?

ಗೆಳೆಯರೇ, ಇಲ್ಲಿಗೆ ನಿಲ್ಲಿಸಿದರೆ ನನಗೆ ಸುಖ. ಆದರೆ ನಾಲ್ಕು ತಿಂಗಳಿಗೆ ಹುಂಜ ಬಲಿಯಿತು. ಮುದಿ ಹುಂಜವನ್ನು ಓಡಿಸಿತು. ಅವ್ವ ಹೊಸದಾಗಿ ತಂದ ಹ್ಯಾಟೆಯನ್ನು ಎಲ್ಲಕ್ಕಿಂತ ಮೊದಲು ಕುಕ್ಕಿದ್ದು ಅದೇ.

ಹಾಸ್ಟೆಲು ನೆನಪಾಯಿತು. ಮೊದಲ ವರ್ಷ ಹಿರಿಯರ ಬಟ್ಟೆ ಒಗೆದು ಕತ್ತಲಲ್ಲಿ ಅತ್ತವನು ನಾನು. ಮೂರನೆಯ ವರ್ಷ, ನಮಗಿಂತ ಕೆಳಗಿನವರು ಅಂತ ನಮ್ಮ ಕೇರಿಯೇ ಹೇಳುವ ಜಾತಿಯ ಹುಡುಗನಿಂದ ಬಟ್ಟೆ ಒಗೆಸಿದವನೂ ನಾನೇ. ಉಣ್ಣುವಾಗ ಪಕ್ಕದಲ್ಲಿ ಅವನಿಗೆ ಜಾಗ ಬಿಡಲಿಲ್ಲ. ಬಾಬಾಸಾಹೇಬರು ಇದನ್ನೇ ಶ್ರೇಣೀಕೃತ ಅಸಮಾನತೆ ಎಂದರು. ಕುಕ್ಕಲು ಕೆಳಗೊಬ್ಬ ಸಿಕ್ಕುತ್ತಾನೆ. ಹಾಗಾಗಿ ಏಣಿ ಮುರಿಯಲು ಯಾರಿಗೂ ಮನಸ್ಸಿಲ್ಲ. ಅಂಬೇಡ್ಕರ್ ಪಟದ ಕೆಳಗೇ ನಾನು ಹಾಗೆ ಬದುಕಿದೆ.

ಹುಂಜಕ್ಕೆ ನಾಚಿಕೆಯಿಲ್ಲ, ಅದರ ತಪ್ಪೂ ಇಲ್ಲ. ನನಗೆ ಎರಡೂ ಇವೆ. ನೋವುಂಡವನು ತಾನಾಗಿ ನ್ಯಾಯವಂತನಾಗುವುದಿಲ್ಲ. ನುಚ್ಚನ್ನು ಮೂರು ಕಡೆ ಚೆಲ್ಲುವುದನ್ನು ಅವನೂ ಕಲಿಯಬೇಕು. ಅಕ್ಷರ ಕಾಣದ ಅವ್ವನಿಗೆ ಗೊತ್ತಿದ್ದದ್ದು ನನ್ನ ಡಿಗ್ರಿಗೆ ಗೊತ್ತಿರಲಿಲ್ಲ.

ಆ ಹುಡುಗನ ಊರು ಪಾಂಡವಪುರದ ಕಡೆ. ಬರುವ ಭಾನುವಾರ ಹೋಗುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಉಣ್ಣಲು ಕರೆದರೆ ಅವನ ಪಕ್ಕದಲ್ಲಿ ಕೂರುತ್ತೇನೆ.