ಸರ್ಕಾರವನ್ನು ಸಂಶಯಿಸುವವರ ಹೊಣೆ

ಜನರ ಒಳಿತಿಗೆಂದು ಸರ್ಕಾರ ಕೈಗೆತ್ತಿಕೊಳ್ಳುವ ಯೋಜನೆಗಳನ್ನೂ ಅನುಮಾನದಿಂದಲೇ ನೋಡಬೇಕೆಂಬ ಸಂಪ್ರದಾಯವಾದಿ ನಿಲುವಿಗೆ ನಮ್ಮ ದೇಶದಲ್ಲಿ ರಾಜಾಜಿಯವರಿಗಿಂತ ಸಮರ್ಥ ವಕ್ತಾರರು ಸಿಗುವುದು ಕಷ್ಟ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾದಾಗ ಆಹಾರಧಾನ್ಯಗಳ ಮೇಲಿದ್ದ ನಿಯಂತ್ರಣ ತೆಗೆದುಹಾಕಿದರು. 1955ರಲ್ಲಿ ಕ್ಷಯರೋಗ ತಡೆಯಲೆಂದು ಸಾಮೂಹಿಕವಾಗಿ ಕೊಡುತ್ತಿದ್ದ ಬಿ.ಸಿ.ಜಿ. ಲಸಿಕೆಯನ್ನು ವಿರೋಧಿಸಿ ಪುಸ್ತಿಕೆ ಬರೆದರು. 1959ರಲ್ಲಿ, ಎಂಬತ್ತು ತುಂಬಿದ ಮೇಲೆ, ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸ್-ಪರ್ಮಿಟ್ ರಾಜ್ಯದ ವಿರುದ್ಧ ನಿಂತರು. ಈ ಮೂರರ ಬೇರೂ ಒಂದೇ ಎಂದು ನನಗನ್ನಿಸುತ್ತದೆ. ಮನುಷ್ಯನ ಅರಿವಿಗೆ ಮಿತಿಯಿದೆ. ಕೋಟ್ಯಂತರ ಜನರ ಬದುಕನ್ನು ಒಂದು ಕಚೇರಿಯಲ್ಲಿ ಕೂತು ತಿದ್ದುತ್ತೇನೆಂಬುದು ಅಹಂಕಾರ. ಇದು ಆರ್ಥಿಕ ಸಿದ್ಧಾಂತವಾಗುವ ಮೊದಲೇ ಧಾರ್ಮಿಕ ವಿನಯ. ಆದರೆ ಆ ವಿನಯ ಸಂಶಯಿಸುವವರನ್ನೂ ಕಟ್ಟಿಹಾಕಬೇಕು. ಅದೇ ರಾಜಾಜಿ 1953ರಲ್ಲಿ ಶಾಲೆಯ ಹೊತ್ತನ್ನು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಹೆತ್ತವರ ಕಸುಬು ಕಲಿಯಲೆಂಬ ಯೋಜನೆ ತಂದರು. ಇದು ಜಾತಿಯನ್ನು ಗಟ್ಟಿಮಾಡುವ ಶಿಕ್ಷಣವೆಂದು ಜನ ತಿರುಗಿಬಿದ್ದರು. ಮರುವರ್ಷ ಅವರು ಅಧಿಕಾರ ಬಿಡಬೇಕಾಯಿತು. ತಮ್ಮ ಯೋಜನೆಯ ವಿಷಯದಲ್ಲಿ ಅವರ ಸಂಶಯ ಸುಮ್ಮನಿತ್ತು.

ಲಸಿಕೆಯ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಆರೋಗ್ಯವಂತ ಮಕ್ಕಳ ಮೈಗೆ ಜೀವಂತ ಸೂಕ್ಷ್ಮಾಣುಗಳನ್ನು ಸೇರಿಸುವ ಮೊದಲು ಅದರಿಂದ ಉಪಯೋಗವಿದೆಯೆಂದು ತೋರಿಸಿ ಎಂದು ರಾಜಾಜಿ ಕೇಳಿದ್ದರು. ಆ ಪ್ರಶ್ನೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿರಲಿಲ್ಲ. 1968ರಲ್ಲಿ ಮದ್ರಾಸಿನ ಪಕ್ಕದ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ಲಕ್ಷಾಂತರ ಜನರ ಮೇಲೆ ಅದೇ ಲಸಿಕೆಯ ದೊಡ್ಡ ಪ್ರಯೋಗ ಶುರುವಾಯಿತು. ಸುಮಾರು ಹನ್ನೊಂದು ವರ್ಷಗಳ ನಂತರ ಬಂದ ಫಲಿತಾಂಶ ವೈದ್ಯಲೋಕವನ್ನೇ ದಂಗುಬಡಿಸಿತು: ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಆ ಲಸಿಕೆ ಅಲ್ಲಿ ರಕ್ಷಣೆ ಕೊಟ್ಟಿರಲಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ರಾಜಾಜಿ ಗೆದ್ದಂತೆ. ಆದರೆ ಎಳೆಮಕ್ಕಳಲ್ಲಿ ಮಿದುಳಿನ ಪೊರೆಗೆ ತಗಲುವ ಕ್ಷಯವನ್ನು ಅದೇ ಲಸಿಕೆ ತಡೆಯುತ್ತದೆ. ಅದಕ್ಕೇ ಇಂದಿಗೂ ಹುಟ್ಟಿದ ಕೂಡಲೇ ಕೂಸಿನ ಎಡತೋಳಿಗೆ ಅದನ್ನು ಚುಚ್ಚುತ್ತಾರೆ. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂಬುದು ಸಂಶಯದಿಂದಷ್ಟೇ ತಿಳಿಯುತ್ತಿರಲಿಲ್ಲ. ತಿಳಿಸಿದ್ದು ವರ್ಷಗಟ್ಟಲೆ ರೋಗಿಗಳನ್ನು ಲೆಕ್ಕವಿಟ್ಟ ಕೆಲಸ, ಅದರಲ್ಲೂ ಚೆಂಗಲ್‌ಪಟ್ಟಿನದು ಸರ್ಕಾರಿ ಸಂಶೋಧನಾ ಸಂಸ್ಥೆ ಮಾಡಿಸಿದ ಕೆಲಸ. ಉತ್ತರ ಬಂದ ಮೇಲೂ ಮೊದಲಿನ ಪ್ರಶ್ನೆಯನ್ನೇ ಹಿಡಿದು ಕೂರುವುದು ವಿನಯವಲ್ಲ, ಹಟ.

ಹವಾಮಾನದ ಬಗ್ಗೆ ಇಂದಿನ ಸಂಪ್ರದಾಯವಾದಿಗಳು ಅನೇಕ ಕಡೆ ಎಡವುತ್ತಿರುವುದು ಇಲ್ಲೇ. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಗಾಳಿಯನ್ನು ಅಳೆಯುತ್ತಾ ಬಂದಿದ್ದಾರೆ. ಹತ್ತು ಲಕ್ಷ ಭಾಗಕ್ಕೆ ಸುಮಾರು 315ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಪೂರ್ತಿ ಅರಿಯದ ವ್ಯವಸ್ಥೆಯನ್ನು ಅಲ್ಲಾಡಿಸಬೇಡ ಎನ್ನುವವರು ಅಲ್ಲಾಡುತ್ತಿರುವ ಆಕಾಶವನ್ನು ಕಂಡು ಎಲ್ಲರಿಗಿಂತ ಮೊದಲು ಗಾಬರಿಯಾಗಬೇಕಿತ್ತು. ಬ್ರಿಟನ್ನಿನ ಸಂಪ್ರದಾಯವಾದಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಇದು ಹೊಳೆದಿತ್ತು. 1989ರಲ್ಲಿ ವಿಶ್ವಸಂಸ್ಥೆಯಲ್ಲಿ ಅವರು ಮಾತಾಡಿದ್ದು ಇದನ್ನೇ ಕುರಿತು.

ಹವಾಮಾನದ ನೆಪದಲ್ಲಿ ಸರ್ಕಾರ ಅಡುಗೆಮನೆಯವರೆಗೂ ಕೈಹಾಕುತ್ತದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. 2021ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ ಆರೋಗ್ಯ, ಪರಿಸರಗಳ ಹೆಸರು ಹೇಳಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ಭತ್ತದ ಬೆಳೆ ನೆಲಕಚ್ಚಿತು, ಚಹಾ ತೋಟಗಳು ಸೊರಗಿದವು. ಅಲ್ಲಿ ರೈತರನ್ನು ಕೇಳಿ, ಒಂದು ತಾಲ್ಲೂಕಿನಲ್ಲಾದರೂ ಪರೀಕ್ಷಿಸಿ ನೋಡಿ ಎನ್ನುವ ಸಂಶಯವಾದಿಯ ಮಾತು ನಡೆದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಹೀಗಾಗಿ ಪರಿಹಾರವನ್ನು ಸಂಶಯಿಸುವ ಹಕ್ಕನ್ನು ಯಾರೂ ಕಿತ್ತುಕೊಳ್ಳಬಾರದು. ಎಷ್ಟು ಅಧಿಕಾರ, ಎಷ್ಟು ಕಾಲ, ತಪ್ಪಾದರೆ ಹಿಂದೆಗೆಯುವುದು ಹೇಗೆ ಎಂದು ಕೇಳುತ್ತಲೇ ಇರಬೇಕು. ಆದರೆ ಈ ಕೊನೆಯ ಪ್ರಶ್ನೆಯನ್ನು ಎರಡೂ ಕಡೆಗೆ ಕೇಳಿ ನೋಡಿ. ಶ್ರೀಲಂಕಾ ಅದೇ ವರ್ಷದ ನವೆಂಬರಿನಲ್ಲಿ ತನ್ನ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಗಾಳಿಗೆ ಸೇರಿದ ಇಂಗಾಲದ ಗಣನೀಯ ಪಾಲು ಶತಮಾನಗಳ ಕಾಲ ಅಲ್ಲೇ ಉಳಿಯುತ್ತದೆ; ಅದನ್ನು ಹಿಂದಕ್ಕೆ ಪಡೆಯುವ ಆಜ್ಞೆ ಯಾವ ಸರ್ಕಾರದ ಬಳಿಯೂ ಇಲ್ಲ.