ಗೋದಲಿ ಇದ್ದ ಮನೆಯಲ್ಲಿ ಹಬ್ಬದೂಟ



ಕ್ರಿಸ್ಮಸ್ ಹತ್ತಿರ ಬಂದಂತೆ ನಮ್ಮ ತಾಯಂದಿರಿಂದ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. "ಮನಿ ಸಣ್ಣದ ಅದ್ರಿ ಫಾದರ್. ಕರದ್ರ ಮಂದಿಗಿ ಎಲ್ಲಿ ಕೂಡಿಸ್ಬೇಕ್ರಿ?" ಮಾತು ಸುಳ್ಳಲ್ಲ. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಮೂಲೆಯಲ್ಲಿ ತೊಗರಿ ಚೀಲ. ಕೆಲಸ ಹುಡುಕಿಕೊಂಡು ಜೇವರ್ಗಿ, ಅಫಜಲಪುರ, ಆಳಂದ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈ ಸೇರಿದ ಎಷ್ಟೋ ಕುಟುಂಬಗಳಿಗೆ ಅಷ್ಟೂ ಇಲ್ಲ. ತಗಡಿನ ಶೆಡ್ಡೇ ಅವರ ಮನೆ. ಹೀಗಿರುವಾಗ ಬಾಗಿಲು ಮುಂದೆ ಮಾಡಿಕೊಂಡು ನಮ್ಮಷ್ಟಕ್ಕೆ ನಾವು ಉಂಡುಬಿಡುವುದು ಸುಲಭ.

ಆದರೆ ಲೂಕನ ಶುಭಸಂದೇಶದ ಎರಡನೇ ಅಧ್ಯಾಯವನ್ನು ಒಮ್ಮೆ ತೆರೆಯಿರಿ. ಮರಿಯಮ್ಮನವರು ಕಂದನನ್ನು ಗೋದಲಿಯಲ್ಲಿ ಮಲಗಿಸಿದ್ದೇಕೆ? ಛತ್ರದಲ್ಲಿ ಸ್ಥಳವಿರಲಿಲ್ಲ ಎಂದು ಓದಿ ನಮಗೆ ರೂಢಿ. ಮಕ್ಕಳ ನಾಟಕದಲ್ಲಿ ಛತ್ರದ ಯಜಮಾನ ಬಂದು ದಢಾರನೆ ಬಾಗಿಲು ಮುಚ್ಚುತ್ತಾನೆ. ಆ ಯಜಮಾನ ಶುಭಸಂದೇಶದಲ್ಲಿ ಎಲ್ಲೂ ಬರುವುದಿಲ್ಲ. ಅವನು ನಾಟಕದವರ ಮಗ! ಲೂಕನು ಅಲ್ಲಿ ಬರೆದ ಗ್ರೀಕ್ ಪದ 'ಕತಾಲುಮ'. ಅದೇ ಪದ 22ನೇ ಅಧ್ಯಾಯದಲ್ಲಿ ಮತ್ತೆ ಬರುತ್ತದೆ: ಯೇಸುಸ್ವಾಮಿ ಶಿಷ್ಯರೊಡನೆ ಕಡೆಯ ಭೋಜನ ಮಾಡಿದ ಕೊಠಡಿಗೆ. ಒಳ್ಳೆಯ ಸಮಾರಿಯದವನು ಗಾಯಾಳುವನ್ನು ಕರೆದೊಯ್ದ ಛತ್ರಕ್ಕೆ ಲೂಕನು ಬೇರೆಯೇ ಪದ ಬಳಸಿದ್ದಾನೆ. ಆದ್ದರಿಂದ ಬೆತ್ಲೆಹೇಮಿನಲ್ಲಿ ತುಂಬಿಹೋಗಿದ್ದದ್ದು ಯಾರದೋ ಮನೆಯ ಅತಿಥಿಗಳ ಕೋಣೆ ಎಂದು ಅನೇಕ ಬೈಬಲ್ ಪಂಡಿತರು ಹೇಳುತ್ತಾರೆ.

ಹಾಗಾದರೆ ಗೋದಲಿ ಎಲ್ಲಿತ್ತು? ಇದನ್ನು ಪಟ್ಟಣದವರಿಗೆ ಚಿತ್ರ ಬರೆದು ವಿವರಿಸಬೇಕು. ಜೇವರ್ಗಿ ತಾಲ್ಲೂಕಿನ ಕೊಳಕೂರದಂಥ ಊರುಗಳವರಿಗೆ ಹೇಳಬೇಕಾಗಿಯೇ ಇಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ತಲಬಾಗಿಲು ದಾಟಿದರೆ ತಗ್ಗಿನಲ್ಲಿ ಎತ್ತು, ಆಕಳು. ಅವುಗಳ ಮುಂದೆ ಗೋದಲಿ. ಎರಡು ಮೆಟ್ಟಿಲು ಏರಿದರೆ ಪಡಸಾಲೆ. ಅಲ್ಲೇ ಮನುಷ್ಯರ ಊಟ, ನಿದ್ದೆ, ಬಾಣಂತಿತನ. ಪಾಲೆಸ್ತೀನಿನ ಹಳ್ಳಿಯ ಮನೆಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು. (ಪ್ರಭು ಗವಿಯಲ್ಲಿ ಜನಿಸಿದರೆಂಬ ಹಳೆಯ ಸಂಪ್ರದಾಯಕ್ಕೆ ಇದು ವಿರೋಧವಲ್ಲ; ಬೆಟ್ಟದ ಸೀಮೆಯಲ್ಲಿ ಗವಿಗೆ ಹೊಂದಿಸಿ ಮನೆ ಕಟ್ಟುತ್ತಿದ್ದರು.) ಎಂದರೆ, ಜಾಗವಿಲ್ಲದ ಆ ರಾತ್ರಿಯಲ್ಲಿ ಯಾರೋ ಒಬ್ಬ ಗೃಹಿಣಿ "ನಮ್ಮಲ್ಲಿ ಆಗುವುದಿಲ್ಲ" ಎನ್ನಲಿಲ್ಲ. ದನಗಳನ್ನು ಅತ್ತ ಸರಿಸಿ, ಗೋದಲಿಗೆ ಹೊಸ ಹುಲ್ಲು ಹಾಸಿಕೊಟ್ಟಿರಬೇಕು. ಅವಳ ಹೆಸರು ನಮಗೆ ತಿಳಿಯದು.

ಆದಿ ಕ್ರೈಸ್ತರಿಗೂ ಗುಡಿ ಗೋಪುರ ಇರಲಿಲ್ಲ. ಡೇರೆ ಹೊಲಿಯುವ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಮನೆಯೇ ಧರ್ಮಸಭೆ. ತ್ರೋವದಲ್ಲಿ ಮೇಲಂತಸ್ತಿನ ಕೋಣೆ ಎಷ್ಟು ಕಿಕ್ಕಿರಿದಿತ್ತೋ ಏನೋ, ಯುತಿಕನೆಂಬ ಹುಡುಗ ಕಿಟಕಿಯಲ್ಲಿ ಕುಳಿತಿದ್ದ. ಸಂತ ಪೌಲರ ಪ್ರಬೋಧನೆ ನಡುರಾತ್ರಿಯವರೆಗೆ ಬೆಳೆಯಿತು. ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ದೇವರ ದಯೆ, ಬದುಕಿದ. ನನ್ನಂಥ ಗುರುಗಳು ಮರೆಯಬಾರದ ಪ್ರಸಂಗ.

ಆದರೆ ಕೊರಿಂಥದಲ್ಲಿ ನಡೆದದ್ದು ನಗುವ ಮಾತಲ್ಲ. ಆ ಕಾಲದ ಸಿರಿವಂತರ ಊಟದ ಕೋಣೆಯಲ್ಲಿ ಸಾಮಾನ್ಯವಾಗಿ ಒಂಬತ್ತು ಜನಕ್ಕೆ ಜಾಗ. ಉಳಿದವರು ಅಂಗಳದಲ್ಲಿ ಇದ್ದಿರಬೇಕು. ಮೊದಲು ಬಂದ ಉಳ್ಳವರು ಉಂಡು ಕುಡಿದು ಮುಗಿಸುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬಂದ ಬಡವರಿಗೆ ಹಸಿವೇ ಗತಿ. ಸಂತ ಪೌಲರು ಕೆರಳಿ ಬರೆದರು: ಇದು ಪ್ರಭುವಿನ ಭೋಜನವೇ ಅಲ್ಲ, ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು.

ಪ್ರಿಯರೇ, ಇಲ್ಲಿ ನಮ್ಮ ಎದೆ ಮುಟ್ಟಿ ನೋಡಿಕೊಳ್ಳೋಣ. ಜಾಗ ಕಡಿಮೆ ಇದ್ದಾಗ ಪಂಗ್ತಿ ಮಾಡುತ್ತೇವೆ, ಅದು ತಪ್ಪಲ್ಲ. ಆದರೆ ಮೊದಲ ಪಂಗ್ತಿಗೆ ಯಾರು, ಕಡೆಯ ಪಂಗ್ತಿಗೆ ಯಾರು? ಗಂಡಸರು, ಊರ ಹಿರಿಯರು, ನೌಕರಿಯವರು ಮೊದಲು. ಮುಂಜಾನೆಯಿಂದ ಒಲೆಯ ಮುಂದೆ ಕೂತ ತಾಯಿ, ಸೊಸೆ ಕಡೆಗೆ. ಅಷ್ಟರಲ್ಲಿ ಸಾರಿನ ತಳ ಕಾಣುತ್ತಿರುತ್ತದೆ. ಹೊಸ್ತಿಲ ಹೊರಗೆ ಕುಳಿತು ಉಂಡವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಆ ನೋವು ಗೊತ್ತಿದ್ದೂ ನಾವು ಒಬ್ಬರನ್ನು ಒಳಗೆ, ಒಬ್ಬರನ್ನು ಅಂಗಳದಲ್ಲಿ ಕೂಡಿಸಿದರೆ ಹೇಗೆ? ಒಳಗೆ ಎಲ್ಲರಿಗೂ ಜಾಗವಿಲ್ಲವೆಂದರೆ ಎಲ್ಲರೂ ಅಂಗಳದಲ್ಲೇ ಕೂತರಾಯಿತು. ಯಜಮಾನರು ಒಂದು ಪಂಗ್ತಿಗೆ ತಾವೇ ಬಡಿಸಲಿ. ಕಡೆಯ ಭೋಜನದ ರಾತ್ರಿ ನಮ್ಮ ಪ್ರಭು ಕಾಲು ತೊಳೆದರು. ನಾವು ತಾಟು ತೊಳೆದರೆ ಮರ್ಯಾದೆ ಹೋಗುವುದಿಲ್ಲ.

ಅಡುಗೆಯ ಮಾತಿಗೆ ತಾಯಂದಿರು ನನ್ನನ್ನು ಕ್ಷಮಿಸಬೇಕು. ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಹಿಂಡಿ ಎರಡು ದಿನ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ಹಬ್ಬದ ದಿನ ಹೊರಗೆ ಮೂರು ಕಲ್ಲು ಹೂಡಿ ಅನ್ನ, ಸಾರು ಮಾಡಿದರೆ ಮನೆಯೊಳಗಿನ ಒಲೆಯ ಜಾಗ ಜನಕ್ಕೆ ಉಳಿಯುತ್ತದೆ. ಗಟ್ಟಿ ಮಾಳಿಗೆ ಇದ್ದವರು ಹೊತ್ತು ಇಳಿದ ಮೇಲೆ ಅಲ್ಲೇ ಚಾಪೆ ಹಾಸಬಹುದು. ಎಳ್ಳಮಾವಾಸ್ಯೆಗೆ ನಮ್ಮ ನೆರೆಯವರು ಭಜ್ಜಿ, ಕಡಬು, ಅಂಬಲಿ ಹೊತ್ತು ಹೊಲಕ್ಕೇ ಹೋಗಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸುವುದನ್ನು ನೀವು ನೋಡಿದ್ದೀರಿ. ಎಷ್ಟೋ ಸಲ ಉಂಡೂ ಬಂದಿದ್ದೀರಿ. ಸಾಲ ಮಾಡಿ ಪೆಂಡಾಲು ಹಾಕಿಸುವುದು ಮಾತ್ರ ಬೇಡ. ಒಂದು ಹೊತ್ತಿನ ಡೌಲಿಗೆ ಒಂದು ವರ್ಷ ಬಡ್ಡಿ ಕಟ್ಟಿದ ಮನೆಗಳನ್ನು ನಾನು ಬಲ್ಲೆ.

ಡಿಸೆಂಬರೆಂದರೆ ತೊಗರಿ ಕೊಯ್ಲಿನ ಹೊತ್ತು. ಕೂಲಿಗೆ ಹೋದವರು ಹಬ್ಬದ ದಿನವೂ ಕತ್ತಲಾದ ಮೇಲೆ ಬಂದಾರು. ಅವರ ಪಾಲಿನ ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟಿರಲಿ. ಮತ್ತು ನಿಮ್ಮ ಓಣಿಯ ಕೊನೆಯಲ್ಲಿ, ಮಕ್ಕಳೆಲ್ಲ ದುಡಿಯಲು ಹೋಗಿ ಒಬ್ಬಳೇ ಉಳಿದ ಮುದುಕಿ ಇದ್ದಾಳಲ್ಲ, 24ರ ಸಂಜೆ ಅವಳ ಬಾಗಿಲಿಗೆ ಹೋಗಿ ಹೇಳಿಬನ್ನಿ: "ನಾಳಿ ಊಟಕ್ಕ ಬಾ ಆಯಿ. ಮನಿ ಸಣ್ಣದ ಅದ, ಆದ್ರ ನಿನಗ ಚಾಪಿ ಹಾಸಿಟ್ಟೀವಿ."