ಗೆರೆಯ ಆಚೆ, ಈಚೆ

ಪ್ರೀತಿಯಿರುವವರು ಒಂದೇ ಸೂರಿನಡಿ ಇರಲೇಬೇಕೆ? ಹೋದ ತಿಂಗಳು ಮಗ, 'ಅಮ್ಮ, ನಾವು ಬೇರೆ ಮನೆ ಮಾಡೋಣ ಅಂತಿದ್ದೀವಿ' ಎಂದಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಸೊಸೆ ತಲೆ ತಗ್ಗಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ನಾನು 'ಹೂಂ' ಅಂದೆ, ಅಷ್ಟೆ. ಆ ರಾತ್ರಿ ನಿದ್ದೆ ಬಾರದೆ ಹೊರಳುವಾಗ ನೆನಪಾದದ್ದು ಹುಡುಗಿಯಾಗಿದ್ದಾಗ ನೋಡಿದ ಒಂದು ಸಿನಿಮಾ.

1986ರ ತಮಿಳು ಚಿತ್ರ 'ಸಂಸಾರಂ ಅದು ಮಿನ್ಸಾರಂ'. ಸಂಸಾರವೆಂದರೆ ವಿದ್ಯುತ್ತು ಎಂದರ್ಥ. ವಿಸು ಅವರೇ ಬರೆದು, ನಿರ್ದೇಶಿಸಿ, ಮನೆಯ ಯಜಮಾನರಾಗಿಯೂ ನಟಿಸಿದ್ದರು. ಮರುವರ್ಷ ಅದು ಕನ್ನಡದಲ್ಲಿ 'ಒಂದೇ ಗೂಡಿನ ಹಕ್ಕಿಗಳು' ಆಯಿತು. ನಮ್ಮದು ಕೋಲಾರದ ಕಡೆಯ ಊರು, ತಮಿಳು ಹೊಸದಲ್ಲ. ಅಮ್ಮನ ಜೊತೆ ಮೂಲ ಚಿತ್ರವನ್ನೇ ನೋಡಿದ್ದೆ.

ಗುಮಾಸ್ತ ತಂದೆ, ಚೆನ್ನಾಗಿ ಸಂಪಾದಿಸುವ ಹಿರಿಮಗ. ಹೆಂಡತಿ ಹೆರಿಗೆಗೆಂದು ತವರಿಗೆ ಹೋದಾಗ, ಅವಳ ಊಟದ ಪಾಲೆಷ್ಟೋ ಅಷ್ಟನ್ನು ಮಗ ಮನೆಖರ್ಚಿನಿಂದ ಕಡಿತ ಮಾಡುತ್ತಾನೆ! ಅಲ್ಲಿಂದ ಮಾತಿಗೆ ಮಾತು ಬೆಳೆದು ತಂದೆ ಮನೆಯ ನಡುವೆ ಗೆರೆ ಎಳೆದುಬಿಡುತ್ತಾರೆ. ಮನೆಗೆಲಸದ ಕಣ್ಣಮ್ಮನಾಗಿ ಮನೋರಮಾ ನಗಿಸಿ ನಗಿಸಿ ಸುಸ್ತು ಮಾಡಿದರು. ಆದರೆ ಆ ಗೆರೆ ಕಂಡಾಗ ಅಮ್ಮ ಮಾತ್ರ ನಗಲಿಲ್ಲ.

ಕೊನೆಗೆ ಹಿರಿಸೊಸೆ ಉಮಾ, ನಮ್ಮವರಿಗೂ ಪರಿಚಿತರಾದ ಲಕ್ಷ್ಮಿ, ಉಪಾಯದಿಂದ ಎಲ್ಲರನ್ನೂ ಒಂದು ಮಾಡುತ್ತಾಳೆ. ಇನ್ನು ಎಲ್ಲರೂ ಕೂಡಿ ಬಾಳುತ್ತಾರೆ ಎಂದುಕೊಳ್ಳುವಷ್ಟರಲ್ಲಿ, ಬೇಡ, ಬೇರೆ ಬೇರೆಯಾಗಿದ್ದು ಆಗಾಗ ಬಂದು ಸೇರೋಣ, ಪ್ರೀತಿ ಉಳಿಯುತ್ತದೆ ಅನ್ನುತ್ತಾಳೆ. ನನಗೆ ಆಗ ಹದಿನಾರು. ಎಷ್ಟು ಸರಿಯಾದ ಮಾತು ಅನ್ನಿಸಿತ್ತು.

ಮದುವೆಯಾದ ಮೇಲೆ, 1998ರಲ್ಲಿ, ಆ ಮಾತನ್ನು ನಾನೂ ಬಳಸಿಕೊಂಡೆ. ಅತ್ತೆಯವರ ಜೊತೆ ಅಡಿಗೆಮನೆಯ ಜಗಳ, ನನ್ನ ಸಂಬಳದ ಲೆಕ್ಕದ ಜಗಳ. ಎರಡು ಬೀದಿ ಆಚೆ ಬಾಡಿಗೆ ಮನೆ ಹಿಡಿದೆವು. ಕೇಳಿದವರಿಗೆಲ್ಲ 'ದೂರವಿದ್ದರೆ ಪ್ರೀತಿ ಉಳಿಯುತ್ತೆ' ಅಂದೆ. ಹಬ್ಬಕ್ಕೆ ಅತ್ತೆಯವರು ಒಬ್ಬಟ್ಟು ಕಳಿಸುತ್ತಿದ್ದರು. ನಾನು ಡಬ್ಬಿ ತೊಳೆದು ವಾಪಸು ಕಳಿಸುತ್ತಿದ್ದೆ. ಮನಸ್ಸು ಬಿಚ್ಚಿ ಮಾತಾಡಿದ್ದು ಒಂದು ದಿನವೂ ಇಲ್ಲ. ಅವರು ಹೋಗಿ ಹನ್ನೆರಡು ವರ್ಷವಾಯಿತು.

ಈಗ ಯೋಚಿಸಿದರೆ, ತಂದೆ ಎಳೆದ ಗೆರೆಗೂ ಉಮಾ ಕೇಳಿದ ಅಗಲಿಕೆಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸವಿಲ್ಲ. ಎರಡರಲ್ಲೂ ಮನೆ ಎರಡಾಗುತ್ತದೆ. ಆದರೆ ತಂದೆ ಗೆರೆ ಎಳೆದದ್ದು ಸಿಟ್ಟಿನಲ್ಲಿ. ಉಮಾ ಮೊದಲು ಮುರಿದದ್ದನ್ನು ಜೋಡಿಸಿದಳು, ಆಮೇಲೆ ದೂರ ಕೇಳಿದಳು. ನಾನು ಅವಳ ಮಾತನ್ನು ತೆಗೆದುಕೊಂಡೆ, ಅವಳು ಪಟ್ಟ ಪಾಡನ್ನು ಬಿಟ್ಟೆ. ಬೇರೆ ಹೋಗುವುದು ತಪ್ಪಲ್ಲ. ಜಗಳವನ್ನು ಹಾಗೆಯೇ ಗಂಟು ಕಟ್ಟಿಕೊಂಡು ಹೋಗಿ, ಅದನ್ನು ಪ್ರೀತಿ ಎಂದು ಕರೆದದ್ದು ತಪ್ಪು.

ಚಿತ್ರ ಹೇಳದ ಮಾತೂ ಒಂದಿದೆ. ಮಕ್ಕಳು ಹೊರಟ ಮೇಲೆ, ಅಷ್ಟು ಜನಕ್ಕೆ ಅಕ್ಕಿ ಅಳೆದ ಕೈ ಮಾರನೆಯ ದಿನ ಎಷ್ಟು ಅಳೆಯಬೇಕು? ಸೊಸೆಯಾಗಿದ್ದಾಗ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಮೊನ್ನೆ ಸೊಸೆಯ ಪಕ್ಕ ಸೊಪ್ಪು ಬಿಡಿಸಲು ಕೂತೆ. 'ಹೋಗೋದು ಹೋಗಿ, ನಾನು ಬೇಡ ಅನ್ನಲ್ಲ. ನನ್ನಿಂದ ಏನಾದರೂ ನೋವಾಗಿದ್ದರೆ ಮುಂಚೆ ಹೇಳಿಬಿಡಮ್ಮ' ಅಂದೆ. ಬಹಳ ಹೊತ್ತು ಸುಮ್ಮನಿದ್ದು, ಎರಡು ವಿಷಯ ಹೇಳಿದಳು. ಒಂದನ್ನು ಒಪ್ಪಿಕೊಂಡೆ. ಇನ್ನೊಂದನ್ನು ಒಪ್ಪಲು ಇನ್ನೂ ಆಗುತ್ತಿಲ್ಲ. ಅವರು ಹೊರಡಲು ಇನ್ನೂ ಹದಿನೈದು ದಿನವಿದೆ.